ಬ್ಯಾಸರಕ್ಕೂ ಒಂದು ನಂಬರ್ ಅದ

ಕಲಬುರಗಿ ಜಿಲ್ಲೆಯ ಭೂಸನೂರಿನಂಥ ಊರಿನಲ್ಲಿ ಮನಸ್ಸಿನ ವೈದ್ಯರು ಸಿಗುವುದು ಕಷ್ಟ, ಫೋನು ಸಿಗುವುದು ಸುಲಭ. ಈ ಎರಡರ ನಡುವಿನ ದಾರಿಯನ್ನು ತಂತ್ರಜ್ಞಾನ ಎಷ್ಟು ಕಿರಿದು ಮಾಡಬಲ್ಲದು? ಎಲ್ಲಿ ಅದು ಸೋಲುತ್ತದೆ?

ಭೂಸನೂರಿನ ಕಡೆ ಯಾರೂ ‘ನನಗೆ ಖಿನ್ನತೆ ಇದೆ’ ಎಂದು ಹೇಳುವುದಿಲ್ಲ. ಆ ಪದ ಪತ್ರಿಕೆಯದ್ದು, ಪಠ್ಯಪುಸ್ತಕದ್ದು. ಇಲ್ಲಿಯ ಮಾತೇ ಬೇರೆ. ‘ಜೀವಕ್ಕ ಬ್ಯಾಸರ ಆಗ್ಯದ’ ಎನ್ನುತ್ತಾರೆ. ‘ನಿದ್ದಿ ಹತ್ತವಲ್ದು’, ‘ಊಟ ಸೇರವಲ್ದು’, ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ಯದ’, ‘ಯಾತರ ಮ್ಯಾಲೂ ಮನಸಿಲ್ಲ’ ಎನ್ನುತ್ತಾರೆ. ಬಹಳಷ್ಟು ಹೆಣ್ಣುಮಕ್ಕಳು ಇಷ್ಟನ್ನೂ ಹೇಳುವುದಿಲ್ಲ. ತಲೆ ಸಿಡಿಯುತ್ತದೆ, ಕೈಕಾಲು ಸೋತಿವೆ ಎಂದಷ್ಟೇ ಹೇಳಿ ದವಾಖಾನೆಯ ಬೆಂಚಿನ ಮೇಲೆ ಕೂರುತ್ತಾರೆ. ಒಂದು ಇಂಜೆಕ್ಷನ್, ನಾಲ್ಕು ಶಕ್ತಿಯ ಗುಳಿಗೆ, ಹೆಚ್ಚೆಂದರೆ ಒಂದು ಸಲೈನ್ ಬಾಟಲಿ. ಎರಡು ದಿನ ಮೈ ಹಗುರಾದಂತೆ ಅನ್ನಿಸುತ್ತದೆ, ಮೂರನೆಯ ದಿನ ಮತ್ತೆ ಅದೇ ಬೆಂಚು.

2001ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪಿಎಚ್‌ಕ್ಯೂ-9 ಎಂದು ಅದರ ಹೆಸರು. ಕಳೆದ ಎರಡು ವಾರಗಳಲ್ಲಿ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ, ಮನಸ್ಸು ಕುಗ್ಗಿದೆಯೇ, ನಿದ್ದೆ ಕೆಟ್ಟಿದೆಯೇ, ದಣಿವಾಗುತ್ತಿದೆಯೇ, ಹಸಿವು ಹೇಗಿದೆ, ನಾನು ಯಾತಕ್ಕೂ ಬಾರದವನು ಅನ್ನಿಸುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ, ಮಾತು-ನಡೆ ನಿಧಾನವಾಗಿದೆಯೇ, ಬದುಕೇ ಬೇಡ ಅನ್ನಿಸುತ್ತಿದೆಯೇ? ಪ್ರತಿ ಉತ್ತರಕ್ಕೆ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರು ನೋಡಬೇಕು. ಜಗತ್ತಿನ ಖಿನ್ನತೆಯ ಆ್ಯಪ್‌ಗಳಲ್ಲಿ ಹಲವು ಈ ಒಂಬತ್ತು ಪ್ರಶ್ನೆಗಳ ಮೇಲೆ, ಇಲ್ಲವೇ ಇವುಗಳ ಒಡಹುಟ್ಟಿದ ಪ್ರಶ್ನೆಗಳ ಮೇಲೆ ನಿಂತಿವೆ.

ಈಗ ಮೇಲಿನ ನಮ್ಮೂರ ಮಾತುಗಳನ್ನು ಇನ್ನೊಮ್ಮೆ ಓದಿ. ನಿದ್ದೆ, ಊಟ, ಆಸಕ್ತಿ, ದಣಿವು, ಎದೆಯ ಭಾರ. ಒಂಬತ್ತರಲ್ಲಿ ನಾಲ್ಕೈದು ಪ್ರಶ್ನೆಗೆ ಜನ ಯಾರೂ ಕೇಳದೆಯೇ ಉತ್ತರ ಹೇಳಿ ಮುಗಿಸಿದ್ದಾರೆ. ಗುರುತು ಹಾಕಿಕೊಳ್ಳುವವರಿಲ್ಲ, ಅಷ್ಟೇ. ಡಿಜಿಟಲ್ ತಂತ್ರಜ್ಞಾನದ ಬಗ್ಗೆ ಈ ಸೀಮೆಯಲ್ಲಿ ನಿಂತು ಬರೆಯುವಾಗ ನನಗೆ ಮುಖ್ಯವಾಗಿ ಕಾಣುವುದು ಇದೇ. ಯಂತ್ರ ಎಷ್ಟು ಜಾಣ ಎನ್ನುವುದು ಆಮೇಲಿನ ಮಾತು. ಜನ ಈಗಾಗಲೇ ಹೇಳುತ್ತಿರುವುದನ್ನು, ಅವರದೇ ಮಾತಿನಲ್ಲಿ, ಕೇಳಿಸಿಕೊಳ್ಳುವ ಮನುಷ್ಯನ ಬಳಿಗೆ ಅದು ಮುಟ್ಟಿಸುತ್ತದೆಯೇ?

ಕರಿನೆಲದ ಮೇಲೆ

ಭೂಸನೂರು ಎಂದರೆ ಈ ಭಾಗದವರಿಗೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು, ಕಟಾವಿನ ಗುಂಪುಗಳು, ಗಾಳಿಯಲ್ಲಿ ಕಾಕಂಬಿಯ ವಾಸನೆ. ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಉಸಿರು ಮಾತ್ರ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆ ಮಳೆ ತರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹೊಲಗಳು ಮುಳುಗಿದವು. 2022ರ ಹಂಗಾಮಿನ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತು. 2023 ಬರದ ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ದಂಡೆ ದಾಟಿದಳು.

ಬೆಳೆ ಹೋದದ್ದಕ್ಕೇ ಮನಸ್ಸು ಮುರಿಯಿತು ಎಂದು ಬರೆಯುವುದು ಸುಲಭ. ಪತ್ರಿಕೆಗಳಲ್ಲಿ ಹಾಗೆ ಬರೆದು ಬರೆದು ನಾವು ಖಿನ್ನತೆಯನ್ನು ಸಾಲಗಾರ ರೈತನ ಕಾಯಿಲೆ ಎಂಬಂತೆ ಮಾಡಿಬಿಟ್ಟಿದ್ದೇವೆ. ಅದು ಅರ್ಧ ಸತ್ಯ. ಬಾಣಂತಿಯನ್ನು ಮರೆತಿದ್ದೇವೆ. ಭಾರತದ ತಾಯಂದಿರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆರಿಗೆಯ ನಂತರ ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ ಎಂದು ಕಂಡುಬಂದಿದೆ. ಮಕ್ಕಳು ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮೇಲೆ ಪಡಸಾಲೆಯಲ್ಲಿ ಒಬ್ಬಳೇ ಉಳಿದ ಆಯಿಯನ್ನು ಮರೆತಿದ್ದೇವೆ. ಪಿಯುಸಿಯಲ್ಲಿ ಎರಡು ವಿಷಯ ಉಳಿದು ಮನೆಯಿಂದ ಹೊರಬರದ ಹುಡುಗನನ್ನೂ ಮರೆತಿದ್ದೇವೆ. ಬೆಳೆ ಚೆನ್ನಾಗಿ ಬಂದ ವರ್ಷವೂ ಖಿನ್ನತೆ ಬರುತ್ತದೆ. ಅದು ಕಾಯಿಲೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬದುಕಿನ ಯಾವುದೋ ಒಂದು ಘಟ್ಟದಲ್ಲಿ ಖಿನ್ನತೆ ಅನುಭವಿಸಿದವರು ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು. ಅದಕ್ಕಿಂತ ಮನಸ್ಸು ಕಲಕುವ ಅಂಕಿ ಇನ್ನೊಂದಿದೆ. ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಔಷಧ ಇದೆ, ಅದು ದುಬಾರಿಯೂ ಅಲ್ಲ, ಮಾತಿನ ಚಿಕಿತ್ಸೆಯೂ ಇದೆ. ಹಾಗಿದ್ದೂ 85.

ಬಳ್ಳಾರಿಯಿಂದ ಬಂದ ದಾರಿ

ಈ ಅಂತರವನ್ನು ಮುಚ್ಚುವ ಕೆಲಸ ಇಡೀ ಜಿಲ್ಲೆಯ ಮಟ್ಟದಲ್ಲಿ ಶುರುವಾದದ್ದು ನಮ್ಮದೇ ಕಲ್ಯಾಣ ಕರ್ನಾಟಕದಲ್ಲಿ ಎಂಬುದು ನಮ್ಮ ಜನರಿಗೇ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರು ಹೊರವಲಯದ ಸಕಲವಾರದಲ್ಲಿ, ಮನಸ್ಸಿನ ಕಾಯಿಲೆಯ ಆರೈಕೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಾಚೆ ಹಳ್ಳಿಗೆ ಒಯ್ಯಬಹುದೇ ಎಂದು ಪರೀಕ್ಷಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರ ಹೊತ್ತಿಗೆ ಇಡೀ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳನ್ನು ಒದಗಿಸಿ, ಸರಳ ದಾಖಲೆ ಇಡುವ ಪದ್ಧತಿ ರೂಪಿಸಿದರು. 1996ರಲ್ಲಿ ದೇಶ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಅದರ ಮುಂದಿದ್ದ ಮಾದರಿ ಬಳ್ಳಾರಿಯೇ.

ಆಗ ಕಂಪ್ಯೂಟರ್ ಇರಲಿಲ್ಲ, ಕಾಗದದ ಕಾರ್ಡು ಇತ್ತು. ಆದರೆ ಯೋಚನೆ ಇಂದಿನದೇ. ತಜ್ಞರು ಕಡಿಮೆ ಇದ್ದಾರೆ, ಆದ್ದರಿಂದ ತಜ್ಞರ ತಿಳಿವಳಿಕೆ ಹಳ್ಳಿಯ ಕೈಗೆ ಬರಬೇಕು. ಇಂದಿನ ಆ್ಯಪು, ವಿಡಿಯೊ, ಸಹಾಯವಾಣಿಗಳು ಆ ಕಾರ್ಡಿನ ಮೊಮ್ಮಕ್ಕಳು.

ಮುಂದೆ 2014ರಲ್ಲಿ ಕರ್ನಾಟಕ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ತಂದಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವ ಏರ್ಪಾಡು. ಕಲಬುರಗಿಯಿಂದ ಆಳಂದ ಸುಮಾರು 40 ಕಿಲೊಮೀಟರ್. ಭೂಸನೂರಿನ ಮನುಷ್ಯನಿಗೆ ಆಳಂದವೆಂದರೆ ಸಂತೆಗೆ, ತಹಶೀಲ್ದಾರ್ ಕಚೇರಿಗೆ ಹೇಗೂ ಹೋಗುವ ಊರು. ಅಲ್ಲಿಗೆ ಹೋದರೆ ‘ಹುಚ್ಚಾಸ್ಪತ್ರೆಗೆ ಹೋಗಿದ್ದಾನೆ’ ಎಂಬ ಮಾತು ಹುಟ್ಟುವುದಿಲ್ಲ. ಈ ಸಣ್ಣ ಸೂಕ್ಷ್ಮವನ್ನು ಯಾರು ಯೋಚಿಸಿದರೋ, ಅವರಿಗೆ ನಮ್ಮ ಹಳ್ಳಿ ಗೊತ್ತಿತ್ತು.

ಐದು ಅಂಕಿಯ ಬಾಗಿಲು

ಮಂಗಳವಾರ ಬರುವವರೆಗೆ ಬುಧವಾರದ ರಾತ್ರಿಯನ್ನು ಕಳೆಯುವುದು ಹೇಗೆ? ಮೂರು ಗಂಟೆಗೆ ಎಚ್ಚರವಾಗಿ ಮಾಡು ನೋಡುತ್ತ ಮಲಗಿದವರಿಗೆ ಈ ಪ್ರಶ್ನೆಯ ಅರ್ಥ ಗೊತ್ತು.

2022ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದದ್ದು ಟೆಲಿ ಮಾನಸ್. ನಂಬರು 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ. ಕರೆ ಮಾಡಿ ಭಾಷೆ ಆರಿಸಿಕೊಂಡರೆ ಮೊದಲು ತರಬೇತಿ ಪಡೆದ ಆಪ್ತಸಲಹೆಗಾರರು ಮಾತಾಡುತ್ತಾರೆ. ಅವರಿಂದಾಗದ ಸಂಗತಿ ಇದ್ದರೆ ಕರೆ ಮನೋವೈದ್ಯರ, ಮನಃಶಾಸ್ತ್ರಜ್ಞರ ಹಂತಕ್ಕೆ ಹೋಗುತ್ತದೆ. ಮುಖಾಮುಖಿ ನೋಡಲೇಬೇಕೆಂದರೆ ಹತ್ತಿರದ ಆಸ್ಪತ್ರೆಯ, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ದಾರಿ ತೋರಿಸುತ್ತಾರೆ. ಇಡೀ ದೇಶದ ಈ ಜಾಲಕ್ಕೆ ತಲೆಮನೆ ನಿಮ್ಹಾನ್ಸ್. ತಾಂತ್ರಿಕ ಬೆನ್ನೆಲುಬು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 2024ರ ಅಕ್ಟೋಬರ್ 10ರಂದು ಇದಕ್ಕೊಂದು ಆ್ಯಪ್, ವಿಡಿಯೊ ಸಮಾಲೋಚನೆಯ ಸೌಲಭ್ಯವೂ ಸೇರಿತು. 2025ರ ಮಧ್ಯದ ಹೊತ್ತಿಗೆ ದೇಶದಾದ್ಯಂತ ಬಂದ ಕರೆಗಳು 20 ಲಕ್ಷ ದಾಟಿದ್ದವು.

ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಸಹಾಯವಾಣಿ ಹಳೆಯ ಕಾಲದ್ದೆಂದು ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಗುಂಡಿ ಒತ್ತುವ ಸಣ್ಣ ಫೋನಿನಲ್ಲೂ ಇದು ನಡೆಯುತ್ತದೆ. ಓದು ಬಾರದವರಿಗೂ ನಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ನೂರಕ್ಕೆ 24.6, ಪುರುಷರು 48.7. ಆಮೇಲೆ ಈ ಅಂಕಿಗಳು ಏರಿವೆ, ಒಪ್ಪೋಣ. ಆದರೂ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿರುತ್ತದೆ ಎಂದು ನಮಗೆಲ್ಲ ಗೊತ್ತು. ಬಹಳ ಕಷ್ಟದಲ್ಲಿರುವ ಹೆಣ್ಣುಮಗಳ ಕೈಗೆ ಬರುವುದು ಅತ್ತೆಯ ಹಳೆಯ ಫೋನು. ತಂತ್ರಜ್ಞಾನ ಆ ಹಳೆಯ ಫೋನಿನಿಂದ ಆರಂಭವಾಗಬೇಕು.

ಕರೆ ಮಾಡಿದರೆ ಪೊಲೀಸರು ಬರುತ್ತಾರೆ ಎಂಬ ಅಂಜಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದನ್ನು ಬಿಡಿಸಿ ಹೇಳಬೇಕು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 115ನೆಯ ಕಲಮು, ಪ್ರಾಣ ತೆಗೆದುಕೊಳ್ಳಲು ಯತ್ನಿಸಿದ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಶಿಕ್ಷೆಯ ಬದಲು ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಮನೆಯವರು ತಿಳಿಯಬೇಕಾದದ್ದು ಇನ್ನೊಂದಿದೆ. ‘ಸಾಯಬೇಕು ಅನ್ನಿಸ್ತದೇನು?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರುತ್ತೇವೆ. ಹಾಗಾಗುವುದಿಲ್ಲ. ಕೇಳಿದರೆ ಎದುರಿನ ಮನುಷ್ಯನಿಗೆ ಹೊತ್ತ ಹೊರೆ ಒಂದಷ್ಟು ಇಳಿಯುತ್ತದೆ. ಕೇಳಿ, ಪಕ್ಕದಲ್ಲಿ ಕೂತು, ಅವರ ಫೋನಿನಿಂದಲೇ ನಂಬರು ಹಚ್ಚಿಕೊಡಿ.

ಆ್ಯಪ್ ಎಲ್ಲಿಗೆ ಸಲ್ಲುತ್ತದೆ

ಆ್ಯಪ್‌ಗಳ ಬಗ್ಗೆಯೂ ಒಂದಿಷ್ಟು. ಬೆಂಗಳೂರು ಈ ವಿಷಯದಲ್ಲಿ ಜಗತ್ತಿನ ಮುಖ್ಯ ಕಾರ್ಯಾಗಾರಗಳಲ್ಲಿ ಒಂದು. ನಿಮ್ಹಾನ್ಸ್‌ನ ಮನಃಶಾಸ್ತ್ರ ತಜ್ಞರು ಖಿನ್ನತೆಯಿಂದ ಹೊರಬರಲು ಸ್ವಸಹಾಯದ ‘ಪುಶ್-ಡಿ’ ಎಂಬ ಆ್ಯಪ್ ರೂಪಿಸಿದ್ದಾರೆ. ಇಲ್ಲೇ ಹುಟ್ಟಿದ ‘ವೈಸಾ’ ಎಂಬ ಮಾತಿನ ಯಂತ್ರ ದೇಶ ವಿದೇಶಗಳಲ್ಲಿ ಬಳಕೆಯಲ್ಲಿದೆ. ಜರ್ಮನಿಯಲ್ಲಿ 2020ರಿಂದ ವೈದ್ಯರು ಕೆಲವು ಆ್ಯಪ್‌ಗಳನ್ನು ಮಾತ್ರೆ ಬರೆದಂತೆ ಚೀಟಿಯಲ್ಲಿ ಬರೆದುಕೊಡಬಹುದು, ವಿಮೆ ಅದರ ಹಣ ಕೊಡುತ್ತದೆ. ಅಮೆರಿಕದಲ್ಲಿ 2024ರಲ್ಲಿ ‘ರಿಜಾಯ್ನ್’ ಎಂಬುದಕ್ಕೆ ಖಿನ್ನತೆಯ ಚಿಕಿತ್ಸೆಗಾಗಿ ಅನುಮತಿ ಸಿಕ್ಕಿತು, ಅದೂ ಔಷಧದ ಜೊತೆಗೆ ಬಳಸಲು.

ಇಂಥ ಆ್ಯಪ್‌ಗಳ ಒಳಗಿರುವುದು ಮಾಯೆಯಲ್ಲ. ಅವುಗಳಲ್ಲಿ ಒಳ್ಳೆಯವು ‘ನಡವಳಿಕೆಯ ಮೂಲಕ ಚೇತರಿಕೆ’ ಎಂಬ ಸರಳ ವಿಧಾನವನ್ನು ಹೇಳಿಕೊಡುತ್ತವೆ. ಖಿನ್ನತೆ ಮನುಷ್ಯನನ್ನು ಒಂದೊಂದೇ ಕೆಲಸದಿಂದ ಹಿಂದಕ್ಕೆ ಎಳೆಯುತ್ತದೆ. ಸೋಮವಾರದ ಭಜನೆ ಬಿಟ್ಟುಹೋಗುತ್ತದೆ. ಹೊಲಕ್ಕೆ ಹೋಗುವುದು ತಪ್ಪುತ್ತದೆ. ಎಳ್ಳಮಾವಾಸ್ಯೆಗೆ ಎಲ್ಲರೂ ಚರಗ ಚೆಲ್ಲಲು ಹೋದಾಗ ‘ನೀವು ಹೋಗಿ ಬರ್ರಿ’ ಎನ್ನುತ್ತಾರೆ. ಹಿಂದೆ ಸರಿದಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಹಿಂದೆ ಸರಿಯುತ್ತದೆ. ಮನಸ್ಸು ಸರಿಹೋದ ಮೇಲೆ ಹೊಲಕ್ಕೆ ಹೋಗುತ್ತೇನೆ ಎಂದು ಕಾಯದೆ, ಮನಸ್ಸಿಲ್ಲದಿದ್ದರೂ ಬದುವಿನವರೆಗೆ ಹೋಗಿ ಬಾ, ನಾಳೆ ಬೇವಿನ ಗಿಡದವರೆಗೆ ಹೋಗು ಎಂದು ಸಣ್ಣ ಸಣ್ಣ ಹೆಜ್ಜೆ ಕಟ್ಟಿಕೊಡುವುದೇ ಈ ಚಿಕಿತ್ಸೆ. ಗೋವೆಯಲ್ಲಿ ಸಂಗಾತ್ ಸಂಸ್ಥೆ ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಇದನ್ನೇ ಮಾಡಿಸಿತು. ಆರರಿಂದ ಎಂಟು ಭೇಟಿ. ಮೂರು ತಿಂಗಳ ನಂತರ ಈ ಸಲಹೆ ಪಡೆದವರಲ್ಲಿ ನೂರಕ್ಕೆ 64 ಮಂದಿ ತೀವ್ರ ಖಿನ್ನತೆಯಿಂದ ಹೊರಬಂದಿದ್ದರು, ಪಡೆಯದವರಲ್ಲಿ 39. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ಸ್ವಂತ ಕೋಣೆ, ಸ್ವಂತ ಫೋನು, ಓದುವ ಅಭ್ಯಾಸ, ದಿನಕ್ಕೆ ಇಪ್ಪತ್ತು ನಿಮಿಷದ ಏಕಾಂತ ಇರುವವರಿಗೆ ಆ್ಯಪ್ ಒಳ್ಳೆಯ ಸಂಗಾತಿ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿನ ವಿದ್ಯಾರ್ಥಿಗೆ ಅದು ಸಲ್ಲಬಹುದು. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಕಬ್ಬಿನ ಗದ್ದೆಯ ಅಂಚಿನ ಗುಡಿಸಲಲ್ಲಿರುವವಳಿಗೆ ಸಲ್ಲದು. ಅವಳಿಗೆ ಬೇರೆ ದಾರಿ ಬೇಕು, ಆ ದಾರಿಯನ್ನು ತೋರಿಸಿಕೊಟ್ಟದ್ದು ನೆರೆಯ ಆಂಧ್ರ.

ಆಶಾ ಕೈಯಲ್ಲಿ ಟ್ಯಾಬ್

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಗಳಲ್ಲಿ ಜಾರ್ಜ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ‘ಸ್ಮಾರ್ಟ್ ಮೆಂಟಲ್ ಹೆಲ್ತ್’ ಎಂಬ ಪ್ರಯೋಗ ಮಾಡಿತು. ಆಶಾ ಕಾರ್ಯಕರ್ತೆಯ ಕೈಗೆ ಒಂದು ಟ್ಯಾಬ್. ಮನೆ ಮನೆಗೆ ಹೋಗಿ ಆ ಒಂಬತ್ತು ಪ್ರಶ್ನೆ, ಆತಂಕದ ಬಗ್ಗೆ ಇನ್ನೊಂದಿಷ್ಟು ಪ್ರಶ್ನೆ ಕೇಳುತ್ತಾಳೆ. ಅಂಕ ಹತ್ತು ಮುಟ್ಟಿದವರ ವಿವರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಟ್ಯಾಬಿಗೆ ಹೋಗುತ್ತದೆ. ವೈದ್ಯರಿಗೆ ಅದು ಹಂತ ಹಂತವಾಗಿ ದಾರಿ ತೋರುತ್ತದೆ: ಇದನ್ನು ಕೇಳಿ, ಈ ಔಷಧ ಯೋಚಿಸಿ, ಇಂಥವರನ್ನು ಮೇಲಿನ ಆಸ್ಪತ್ರೆಗೆ ಕಳಿಸಿ. ವೈದ್ಯರು ನೋಡಿದ ಮೇಲೆ ಆಶಾಗೆ ಬಣ್ಣದ ಗುರುತಿರುವ ಪಟ್ಟಿ ಮರಳಿ ಬರುತ್ತದೆ. ಯಾರ ಮನೆಗೆ ಇಂದೇ ಹೋಗಬೇಕು, ಯಾರದು ಮುಂದಿನ ವಾರ ಎಂದು ಬಣ್ಣ ನೋಡಿಯೇ ತಿಳಿಯುತ್ತದೆ. ಜೊತೆಗೆ ಊರಲ್ಲಿ ನಾಟಕ, ವಿಡಿಯೊ, ಮನಸ್ಸಿನ ಕಾಯಿಲೆ ಶಾಪವಲ್ಲ ಎಂಬ ತಿಳಿವಳಿಕೆ.

ಮೊದಲ ಹಂತದ ಪ್ರಯೋಗದಲ್ಲಿ, ತೊಂದರೆ ಇದ್ದೂ ಚಿಕಿತ್ಸೆ ಪಡೆದವರ ಪ್ರಮಾಣ ನೂರಕ್ಕೆ 0.8ರಿಂದ 12.6ಕ್ಕೆ ಏರಿತು. ಆಮೇಲೆ ಆಂಧ್ರ ಮತ್ತು ಹರಿಯಾಣದ 44 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಒಂದು ವರ್ಷದ ಕೊನೆಗೆ ಈ ವ್ಯವಸ್ಥೆ ಇದ್ದ ಕಡೆ ನಾಲ್ವರಲ್ಲಿ ಮೂವರು ಚೇತರಿಸಿಕೊಂಡಿದ್ದರು, ಇಲ್ಲದ ಕಡೆ ಇಬ್ಬರಲ್ಲಿ ಒಬ್ಬರು.

ಇಲ್ಲಿ ರೋಗಿಯ ಎದುರು ಕೂತು ಮಾತಾಡಿದ್ದು ಯಂತ್ರವಲ್ಲ ಎಂಬುದನ್ನು ಗಮನಿಸಿ. ಮಾತಾಡಿದ್ದು ಊರಿನವಳೇ ಆದ ಹೆಣ್ಣುಮಗಳು. ಯಂತ್ರ ಮಾಡಿದ್ದು ನೆನಪಿಡುವ ಕೆಲಸ, ತಲುಪಿಸುವ ಕೆಲಸ, ಯಾರೂ ಕೈಜಾರಿ ಹೋಗದಂತೆ ಕಾಯುವ ಕೆಲಸ. ಖಿನ್ನತೆಗೊಳಗಾದ ವ್ಯಕ್ತಿ ತಾನಾಗಿ ಆ್ಯಪ್ ಹಾಕಿಕೊಂಡು, ತಾನಾಗಿ ದಿನವೂ ತೆರೆದು, ತಾನಾಗಿ ಗುಣವಾಗಬೇಕು ಎಂದು ನಿರೀಕ್ಷಿಸುವುದು ಕಾಲು ಮುರಿದವನಿಗೆ ನಡೆದು ಬಾ ಎಂದಂತೆ. ಆಶಾ ಟ್ಯಾಬು ಹಾಗಲ್ಲ, ಅದು ಮನೆ ಬಾಗಿಲಿಗೆ ನಡೆದು ಬರುತ್ತದೆ.

ಕರ್ನಾಟಕದಲ್ಲಿ ಇದರ ತುಣುಕುಗಳೆಲ್ಲ ಇವೆ. ನಿಮ್ಹಾನ್ಸ್ ತಜ್ಞರು ವಿಡಿಯೊ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೋಣೆಯಲ್ಲೇ, ರೋಗಿಗಳು ಎದುರಿಗಿರುವಾಗಲೇ, ಗುರುತಿಸುವುದನ್ನೂ ಔಷಧ ಬರೆಯುವುದನ್ನೂ ಕಲಿಸುವ ತರಬೇತಿ ನಡೆಸಿದ್ದಾರೆ. ತರಬೇತಿಗೆಂದು ವೈದ್ಯರು ಊರು ಬಿಟ್ಟು ಹೋದರೆ ಆಸ್ಪತ್ರೆ ಖಾಲಿಯಾಗುತ್ತದೆ. ಇದರಲ್ಲಿ ಪಾಠವೇ ವೈದ್ಯರ ಮೇಜಿಗೆ ಬರುತ್ತದೆ. ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಕೇಳುವ ನೋಂದಣಿ, ದಾಖಲೆಗಳಿಗಾಗಿ ರಾಜ್ಯ ‘ಇ-ಮಾನಸ್’ ಎಂಬ ವ್ಯವಸ್ಥೆ ಕಟ್ಟಿದೆ. ಉಪಕೇಂದ್ರದಿಂದ ದೂರದ ವೈದ್ಯರನ್ನು ತೆರೆಯ ಮೇಲೆ ಕಾಣುವ ‘ಇ-ಸಂಜೀವಿನಿ’ ಇದೆ. ಮಂಗಳವಾರ ಇದೆ. 14416 ಇದೆ. ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಭೂಸನೂರಿನ ಒಂದು ಮನೆಯ ಬಾಗಿಲಲ್ಲಿ ಕೂಡಬೇಕು. ಆ ದಾರ ಆಶಾ.

ಆದ್ದರಿಂದಲೇ ಹೇಳಬೇಕು: 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತಿದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಮಾಡಿದ ಕೆಲಸಕ್ಕೆ ಪೋರ್ಟಲ್‌ನಲ್ಲಿ ಲೆಕ್ಕ ಹೊಂದದೆ ಹಣ ಕೈತಪ್ಪುತ್ತದೆ ಎಂಬುದು ಅವರ ಮುಖ್ಯ ನೋವುಗಳಲ್ಲಿ ಒಂದಾಗಿತ್ತು. ಇಂಥವರ ಕೈಗೆ ಮತ್ತೊಂದು ಆ್ಯಪ್ ಕೊಟ್ಟು ‘ಊರಿನ ಮನಸ್ಸು ಕಾಯಿ’ ಎಂದರೆ ಅದು ಅನ್ಯಾಯ. ಮನಸ್ಸಿನ ಕೆಲಸಕ್ಕೆ ಸಮಯ ಬೇಕು, ಸಮಯಕ್ಕೆ ಸಂಬಳ ಬೇಕು.

ಸಂಗಮದಲ್ಲಿ ಒಂದು ಫಲಕ

ಆಳಂದ ಸೀಮೆಯ ಅಮರ್ಜಾ ಹರಿದು ಹೋಗಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಯ ದತ್ತಾತ್ರೇಯ ಕ್ಷೇತ್ರಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ‘ಗಾಳಿ ಸೋಕಿದೆ’ ಎನ್ನಿಸಿಕೊಂಡವರನ್ನು ಮನೆಯವರು ತಲೆಮಾರುಗಳಿಂದ ಕರೆತರುತ್ತಿದ್ದಾರೆ. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಅಲ್ಲಿ ಕೇಳುವ ಕೂಗು, ಅಳು ಒಮ್ಮೆ ಕೇಳಿದವರ ಕಿವಿಯಲ್ಲಿ ಉಳಿಯುತ್ತದೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೂ ನೊಂದವರು ಜಾತಿ ಧರ್ಮ ನೋಡದೆ ಹೋಗುತ್ತಾರೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆಸ್ಪತ್ರೆಯೇ ಇಲ್ಲದ ಶತಮಾನಗಳಲ್ಲಿ ನೊಂದ ಮನುಷ್ಯನಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟು, ನೀನು ಹಾಳಾದವನಲ್ಲ ಎಂದದ್ದು ಈ ಜಾಗಗಳೇ. ಆದರೆ ಔಷಧ ಬಂದಿರುವ ಕಾಲದಲ್ಲಿ ಹರಕೆಯೊಂದೇ ಸಾಲುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ‘ದವಾ ಔರ್ ದುವಾ’ ಎಂಬ ಕಾರ್ಯಕ್ರಮ ನಡೆದಿದೆ. ಪ್ರಾರ್ಥನೆಗೆ ಬಂದವರನ್ನು ಮುಜಾವರರೇ ವೈದ್ಯರ ಕಡೆಗೂ ಕಳಿಸುತ್ತಾರೆ. ಎರಡರಲ್ಲಿ ಒಂದನ್ನು ಬಿಡು ಎಂದು ಯಾರೂ ಹೇಳುವುದಿಲ್ಲ.

ಗಾಣಗಾಪುರದ ಸಂಗಮದಲ್ಲಿ, ಘತ್ತರಗಿ ಭಾಗ್ಯವಂತಿಯ ಗುಡಿಯ ಮುಂದೆ, ಆಳಂದದ ದರ್ಗಾದಲ್ಲಿ 14416 ಎಂದು ದೊಡ್ಡದಾಗಿ ಬರೆದ ಫಲಕ ನಿಲ್ಲಬೇಕು. ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ. ಫಲಕದ ಪಕ್ಕ ವಾರಕ್ಕೆ ಒಂದೆರಡು ದಿನ ಒಬ್ಬ ಕಾರ್ಯಕರ್ತೆ ಟ್ಯಾಬ್ ಹಿಡಿದು ಕೂರಬೇಕು. ಖರ್ಚು ಬಹಳವಾಗದು. ಬೆಂಗಳೂರಿನ ಮೆಟ್ರೊ ನಿಲ್ದಾಣದ ಜಾಹೀರಾತಿಗಿಂತ ಆ ಫಲಕ ಹೆಚ್ಚು ಜೀವಗಳ ಕಣ್ಣಿಗೆ ಬೀಳುತ್ತದೆ ಎಂದು ನಾನು ನಂಬಿದ್ದೇನೆ.

ಪಡಸಾಲೆಯ ಗುಟ್ಟು

ಡಿಜಿಟಲ್ ಎಂದಕೂಡಲೇ ಗೋಪ್ಯತೆಯ ಮಾತು ಬರುತ್ತದೆ. ಬರಬೇಕಾದದ್ದೇ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಕಂಪನಿ ಬಳಕೆದಾರರ ಮಾನಸಿಕ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಬೇರೆ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ ಅಲ್ಲಿಯ ಸರ್ಕಾರಿ ಆಯೋಗ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಅದೇ ವರ್ಷ ಭಾರತದಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಆದರೆ ಹಳ್ಳಿಯಲ್ಲಿ ಗೋಪ್ಯತೆ ಮುರಿಯುವುದು ಯಾವುದೋ ದೇಶದ ಸರ್ವರಿನಲ್ಲಿ ಅಲ್ಲ, ಪಡಸಾಲೆಯಲ್ಲಿ. ಫೋನಿನ ಸ್ಪೀಕರ್ ದೊಡ್ಡದು, ಗೋಡೆ ತೆಳು, ಪಕ್ಕದಲ್ಲಿ ಅತ್ತೆ, ಆಚೆ ಕಟ್ಟೆಯ ಮೇಲೆ ಮೈದುನ. ಕರೆಯ ಪಟ್ಟಿಯಲ್ಲಿ ಹೊಸ ನಂಬರು ಕಂಡರೆ ‘ಯಾರಿಗಿ ಹಚ್ಚಿದ್ದಿ?’ ಎಂಬ ಪ್ರಶ್ನೆ. ಈ ಗುಟ್ಟನ್ನು ಕಾಯಲು ಯಾವ ಗೂಢಲಿಪಿಯೂ ಇಲ್ಲ. ಅಂಗನವಾಡಿಯ ಒಂದು ಕೋಣೆ, ಉಪಕೇಂದ್ರದ ಮುಚ್ಚುವ ಬಾಗಿಲು, ಅರ್ಧ ಗಂಟೆ ಹೊರಗೆ ಕಾಯುತ್ತ ಕೂರುವ ಆಶಾ ಕಾರ್ಯಕರ್ತೆ ಇಷ್ಟಿದ್ದರೆ ಅದೇ ದೊಡ್ಡ ತಂತ್ರಜ್ಞಾನ.

ಮಾತಿನ ಯಂತ್ರಗಳ ಬಗ್ಗೆ ನನ್ನ ಅಂಜಿಕೆ ಬೇರೆ ಬಗೆಯದು. 1966ರಲ್ಲಿ ಎಂಐಟಿಯ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಮ್ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದಕ್ಕೆ ಏನೂ ಅರ್ಥವಾಗದೆಂದು ಗೊತ್ತಿದ್ದವರೂ ಅದರ ಮುಂದೆ ಮನಸ್ಸು ಬಿಚ್ಚಿದ್ದನ್ನು ಕಂಡು ವೈಜನ್‌ಬಾಮ್ ಅವರಿಗೇ ದಿಗಿಲಾಯಿತು. ಇಂದಿನ ಯಂತ್ರಗಳು ಅದಕ್ಕಿಂತ ಎಷ್ಟೋ ಮಧುರವಾಗಿ ಮಾತಾಡುತ್ತವೆ. 2025ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ತಂದೆ ತಾಯಿ, ಹದಿಹರೆಯದ ಮಗನ ಸಾವಿನಲ್ಲಿ ಚಾಟ್‌ಬಾಟ್ ಜೊತೆಗಿನ ಮಾತುಕತೆಯ ಪಾಲಿದೆ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ಒಂಟಿತನಕ್ಕೆ ಮಾತು ಸಿಗುವುದು ಒಳ್ಳೆಯದು. ಆದರೆ ಅಪಾಯದ ಹೊತ್ತಿನಲ್ಲಿ ಎದ್ದು ಬಂದು ಕೈ ಹಿಡಿಯುವವರು ಆ ಮಾತಿನ ಹಿಂದೆ ಇರಬೇಕು.

ಇನ್ನೊಂದು ಅಂಜಿಕೆ ಭಾಷೆಯದು. ‘ಸೇರವಲ್ದು’ ಎಂಬುದನ್ನು ಯಂತ್ರ ಏನೆಂದು ತಿಳಿದೀತು? ಮೈಸೂರಿನ ಕನ್ನಡ ಕಲಿತ ಯಂತ್ರಕ್ಕೆ ಕಲಬುರಗಿಯ ನೋವು ಅರ್ಥವಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗೂ ಹೋಗಿ ಜನರ ಸಹಜ ಮಾತನ್ನು ಸಂಗ್ರಹಿಸುತ್ತಿದೆ, ಕಲಬುರಗಿಯೂ ಅದರಲ್ಲಿದೆ. ಇದು ಬಹಳ ದೊಡ್ಡ ಕೆಲಸ. ಸಹಾಯವಾಣಿಯ ಆಚೆ ತುದಿಯಲ್ಲಿ ಕೂತ ಮನುಷ್ಯರಿಗೂ ಈ ಪಾಠ ಬೇಕು. ‘ಬ್ಯಾಸರ’ ಎಂದರೆ ಇಲ್ಲಿ ಬರೀ ಬೇಜಾರಲ್ಲ. ಅದು ದಣಿವು, ಜುಗುಪ್ಸೆ, ಬದುಕಿನ ಮೇಲಿನ ಮುನಿಸು ಎಲ್ಲವೂ ಹೌದು. ಲಂಬಾಣಿ ತಾಂಡಾಗಳ ಮಾತು ಇನ್ನೂ ಬೇರೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುವ ಮಕ್ಕಳು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಜನ ಮನಸ್ಸಿನ ನೋವನ್ನು ಯಾವ ಯಾವ ಮಾತುಗಳಲ್ಲಿ ಹೇಳುತ್ತಾರೆ ಎಂದು ಒಂದು ಪದಕೋಶ ಕಟ್ಟಿದರೆ, ಅದು ಯಾವ ಆ್ಯಪ್‌ಗಿಂತಲೂ ಮೊದಲು ಬೇಕಾದ ಸಾಧನವಾಗುತ್ತದೆ.

ಮೂರನೆಯ ವಾರ

ಖಿನ್ನತೆಯ ಔಷಧದಲ್ಲಿ ಒಂದು ತೊಡಕಿದೆ. ಜ್ವರದ ಗುಳಿಗೆಯಂತೆ ಅದು ಅಂದೇ ಕೆಲಸ ಮಾಡುವುದಿಲ್ಲ. ಫ್ಲುಆಕ್ಸೆಟಿನ್ ಇರಲಿ, ಎಸಿಟಾಲೊಪ್ರಾಮ್ ಇರಲಿ, ಫಲ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು ಮುಂತಾದ ಸಣ್ಣ ತೊಂದರೆಗಳೇ ಮೊದಲು ಬರುತ್ತವೆ. ಹತ್ತನೆಯ ದಿನಕ್ಕೆ ‘ಇದರಿಂದ ಏನೂ ಆಗಂಗಿಲ್ಲ’ ಎಂದು ಚೀಟಿ ಜಂತಿಯಲ್ಲಿ ಸಿಕ್ಕಿಸಿಬಿಡುತ್ತಾರೆ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾದ ಔಷಧ ಇದು. ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ಚಡಪಡಿಕೆ, ಮತ್ತೆ ಅದೇ ಕತ್ತಲು. ಮಂಗಳವಾರದ ಕ್ಲಿನಿಕ್‌ಗೆ ಒಮ್ಮೆ ಬಂದು ಎರಡನೆಯ ಸಲ ಬಾರದವರ ಕತೆ ಬಹುಮಟ್ಟಿಗೆ ಈ ಮೂರು ವಾರಗಳ ಒಳಗೆ ಮುಗಿದಿರುತ್ತದೆ.

ಭೂಸನೂರಿಗೆ ನನಗೆ ಬೇಕಾದ ತಂತ್ರಜ್ಞಾನ ಈ ಮೂರು ವಾರಗಳದ್ದು. ಆಳಂದದ ದವಾಖಾನೆಯಿಂದ ಗುಳಿಗೆ ಚೀಟಿ ಹಿಡಿದು ಒಬ್ಬ ಹೆಣ್ಣುಮಗಳು ಬಸ್ ಹತ್ತಿದಳು ಎಂದುಕೊಳ್ಳಿ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರು ಬಣ್ಣ ಬದಲಿಸಬೇಕು. ನಾಲ್ಕನೆಯ ದಿನ ಬಾಗಿಲಲ್ಲಿ ಆಶಾ ಅಕ್ಕ ನಿಂತಿರಬೇಕು. ಹತ್ತನೆಯ ದಿನ, ಚೀಟಿಯ ಮೇಲಿನ ನಂಬಿಕೆ ಸಡಿಲಾಗುವ ಹೊತ್ತಿಗೆ, ಗುಂಡಿ ಒತ್ತುವ ಅವಳ ಹಳೆಯ ಫೋನು ರಿಂಗಾಗಬೇಕು. ಎತ್ತಿದರೆ ಆಚೆಯಿಂದ ಧ್ವನಿಮುದ್ರಿತ ಸಂದೇಶವಲ್ಲ, ಈ ಸೀಮೆಯವರದೇ ಆದ ಒಂದು ದನಿ ಕೇಳಬೇಕು:

‘ಅಕ್ಕೋರ, ಗುಳಿಗಿ ತಗೋಲಾಕತ್ತೀರೇನ್ರಿ? ರಾತ್ರಿ ನಿದ್ದಿ ಹತ್ತಲಾಕತ್ತದೇನು?’